ಯಾರನ್ನು ಕೂರಿಸಬೇಕು: ಹಾಕಿ ತರಬೇತುದಾರನ ತೀರ್ಮಾನ



ಹಾಕಿಯ ಬಗ್ಗೆ ಉಪನ್ಯಾಸ ಎಂದಾಗ ಧ್ಯಾನ್‌ಚಂದರ ಕಾಲ, ಒಲಿಂಪಿಕ್ ಚಿನ್ನಗಳು, ಕೊಡಗು ಕೊಟ್ಟ ಆಟಗಾರರು ಎಂಬ ದಾರಿಯಲ್ಲಿ ಮಾತು ಸಾಗುವುದು ರೂಢಿ. ಆ ದಾರಿಯಲ್ಲಿ ನನಗಿಂತ ಚೆನ್ನಾಗಿ ನಡೆದವರು ಈ ಸಭೆಯಲ್ಲೇ ಇದ್ದಾರೆ. ಹಾಗಾಗಿ ನಾನು ಅಂಕಣದ ಗೆರೆಯಾಚೆ ಇರುವ ಬೆಂಚನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ತಂಡದಲ್ಲಿ ಒಬ್ಬರ ಆಟ ಕೈಕೊಡುತ್ತಿದೆ. ಅವರನ್ನು ಆಡಿಸುತ್ತಲೇ ಇರಬೇಕೆ, ಕೂರಿಸಬೇಕೆ? ಕೂರಿಸುವುದಾದರೆ ಯಾರನ್ನು, ಎಷ್ಟು ಹೊತ್ತು, ಏನು ಹೇಳಿ? ತರಬೇತುದಾರನಿಗೆ ಪ್ರತಿ ಪಂದ್ಯದಲ್ಲೂ ಎದುರಾಗುವ ಪ್ರಶ್ನೆ ಇದು. ನಾನು ತರಬೇತುದಾರನಲ್ಲ, ಆಟವನ್ನು ನೋಡುತ್ತ, ಅದರ ಬಗ್ಗೆ ಬರೆಯುತ್ತ ಬಂದವನು. ಆದರೆ ಈ ತೀರ್ಮಾನದ ಫಲ ಉಣ್ಣುವವರು ಹದಿನೆಂಟು ಇಪ್ಪತ್ತು ವರ್ಷದ ಮಕ್ಕಳು. ಆದ್ದರಿಂದ ಇದನ್ನು ಕೋಚ್‌ಗಳ ಒಳಕೋಣೆಗೆ ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ಆಟದ ನಿಯಮದಲ್ಲಿ ಬೆಂಚಿಗೆ ಏನು ಸ್ಥಾನವಿದೆ ಎಂದು ನೋಡಿ, ಆಮೇಲೆ ಆಟಗಾರನ ತೊಡಕನ್ನು ಗುರುತಿಸುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಟೋಕಿಯೊ ಒಲಿಂಪಿಕ್ಸ್‌ನ ಎರಡು ಪ್ರಸಂಗಗಳನ್ನು ಸ್ವಲ್ಪ ವಿವರವಾಗಿ ನೋಡೋಣ. ಕೊನೆಗೆ, ಕೂರಿಸಿದವರಿಗೆ ನಾವು ಏನು ಹೇಳಬೇಕು ಎಂಬ ಮಾತು. ನನ್ನ ಮನಸ್ಸಿನಲ್ಲಿರುವುದು ಮುಖ್ಯವಾಗಿ ಅದೇ.

ನಿಯಮದಿಂದ ಆರಂಭಿಸುತ್ತೇನೆ. ಅಂಕಣದಲ್ಲಿ ಒಂದು ತಂಡದ 11 ಮಂದಿ. ಹಿಂದೆ ಆ 11 ಮಂದಿಯನ್ನು ಆರಿಸಿದರೆ ತರಬೇತುದಾರನ ಕೆಲಸ ಬಹುಪಾಲು ಮುಗಿಯುತ್ತಿತ್ತು. 1992ರಲ್ಲಿ ಹಾಕಿಗೆ ರೋಲಿಂಗ್ ಸಬ್‌ಸ್ಟಿಟ್ಯೂಷನ್ ಬಂತು. ಎಷ್ಟು ಸಲ ಬೇಕಾದರೂ ಬದಲಿ ಆಟಗಾರರನ್ನು ಇಳಿಸಬಹುದು, ಹೊರಬಂದವರು ಮತ್ತೆ ಒಳಹೋಗಬಹುದು, ಅದಕ್ಕಾಗಿ ಆಟ ನಿಲ್ಲಬೇಕಾಗಿಯೂ ಇಲ್ಲ. ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯದಲ್ಲಿ ಹೊರಬಂದವನ ಆಟ ಅಂದಿಗೆ ಮುಗಿಯಿತು. ಹಾಕಿಯಲ್ಲಿ ಹಾಗಲ್ಲ. ಈಗ ಪಂದ್ಯ 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಾಗಿ ನಡೆಯುವುದರಿಂದ ಮುನ್ಪಡೆಯ ಆಟಗಾರ್ತಿ ಕೆಲವು ನಿಮಿಷ ಪೂರ್ತಿ ವೇಗದಲ್ಲಿ ಓಡಿ, ಹೊರಬಂದು ಉಸಿರು ತೆಗೆದುಕೊಂಡು, ಮತ್ತೆ ಇಳಿಯುತ್ತಾಳೆ. ರಕ್ಷಣಾ ವಿಭಾಗದವರು ಹೆಚ್ಚು ಹೊತ್ತು ಒಳಗೇ ಇರುತ್ತಾರೆ. ಗೋಲ್‌ಕೀಪರ್ ಸಾಮಾನ್ಯವಾಗಿ ಕದಲುವುದೇ ಇಲ್ಲ.

ಹೀಗಾಗಿ ಇಂದಿನ ಹಾಕಿಯಲ್ಲಿ ಕೂರಿಸುವುದಕ್ಕೆ ಮೂರು ಬಗೆಯಿದೆ. ಸರದಿಯಂತೆ ಕೆಲವು ನಿಮಿಷ ಹೊರಗೆ ಕರೆಯುವುದು ಒಂದು. ಪಂದ್ಯದ ನಿರ್ಣಾಯಕ ಹೊತ್ತಿನಲ್ಲಿ, ವಿಶೇಷವಾಗಿ ಕೊನೆಯ ಕ್ವಾರ್ಟರ್‌ನಲ್ಲಿ, ಒಬ್ಬರನ್ನು ಇಳಿಸದೇ ಇರುವುದು ಇನ್ನೊಂದು. ಪಂದ್ಯದ ಪಟ್ಟಿಯಿಂದಲೇ ಬಿಡುವುದು ಮೂರನೆಯದು. ಮೊದಲನೆಯದು ದಿನನಿತ್ಯದ ವ್ಯವಸ್ಥೆ, ಮೂರನೆಯದು ಒಬ್ಬರ ಬದುಕಿನ ತಿರುವು. ನಾವು ಪ್ರೇಕ್ಷಕರು, ಕೆಲವೊಮ್ಮೆ ಆಟಗಾರರೂ, ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. ನಾಲ್ಕು ನಿಮಿಷಕ್ಕೆ ಹೊರಗೆ ಕರೆದರೆ ಅವಮಾನವಾಯಿತೆಂದು ಸ್ಟಿಕ್ ಎಸೆಯುವ ಹುಡುಗರನ್ನು ಕಾಲೇಜು ಪಂದ್ಯಗಳಲ್ಲಿ ನೀವೂ ನೋಡಿರಬಹುದು.

ಈ ಮನೋಭಾವವನ್ನು ಬದಲಿಸಿದವರಲ್ಲಿ ಆಸ್ಟ್ರೇಲಿಯಾದ ರಿಕ್ ಚಾರ್ಲ್ಸ್‌ವರ್ತ್ ಪ್ರಮುಖರು. ವೈದ್ಯರಾಗಿ ಓದಿದವರು, ಪಶ್ಚಿಮ ಆಸ್ಟ್ರೇಲಿಯಾ ಪರ ಕ್ರಿಕೆಟ್ ಆಡಿದವರು, ಸಂಸತ್ ಸದಸ್ಯರಾಗಿದ್ದವರು. 1993ರಿಂದ 2000ದವರೆಗೆ ಅವರು ಆ ದೇಶದ ಮಹಿಳಾ ತಂಡದ ತರಬೇತುದಾರರು. ಆ ಅವಧಿಯಲ್ಲಿ ತಂಡ 1996 ಮತ್ತು 2000ದ ಒಲಿಂಪಿಕ್ ಚಿನ್ನ, 1994 ಮತ್ತು 1998ರ ವಿಶ್ವಕಪ್ ಗೆದ್ದಿತು. ಹನ್ನೊಂದು ಮಂದಿ ಆಡುವವರು, ಉಳಿದವರು ಕಾಯುವವರು ಎಂಬ ವಿಂಗಡಣೆಯನ್ನೇ ಅವರು ಒಪ್ಪಲಿಲ್ಲ. ಪಟ್ಟಿಯಲ್ಲಿರುವ ಎಲ್ಲರೂ ಪಂದ್ಯ ಗೆಲ್ಲಿಸಬೇಕಾದವರೇ ಎಂದು ತಂಡ ಕಟ್ಟಿದರು. ಸರದಿ ಎಲ್ಲರಿಗೂ ಬರುವಾಗ, ಬೆಂಚಿನ ಮೇಲೆ ಕೂರುವುದರಲ್ಲಿ ಯಾರಿಗೂ ತಲೆತಗ್ಗಿಸುವಂಥದ್ದು ಉಳಿಯಲಿಲ್ಲ. ತಂಡದ ಅತ್ಯುತ್ತಮ ಆಟಗಾರ್ತಿಯನ್ನು ಹೊರಗೆ ಕರೆಯಲು ಧೈರ್ಯವಿಲ್ಲದ ತರಬೇತುದಾರ ಲಯ ತಪ್ಪಿದವಳನ್ನು ಹೊರಗೆ ಕರೆದಾಗ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ತೊಡಕನ್ನು ಗುರುತಿಸುವ ಮಾತು. ಆಟಗಾರ ಪರದಾಡುತ್ತಿದ್ದಾನೆ ಎನ್ನುತ್ತೇವೆ; ಅದು ನಮಗೆ ಗೊತ್ತಾಗುವುದು ಎಲ್ಲಿಂದ? ಗೋಲು ಬಾರದಿರುವುದರಿಂದ, ಚೆಂಡು ಕೈತಪ್ಪುವುದರಿಂದ. ಹಾಕಿಯಲ್ಲಿ ಇವೆರಡೂ ಕಣ್ಣಿಗೆ ಮೋಸ ಮಾಡುವ ಲಕ್ಷಣಗಳು.

ಪೆನಾಲ್ಟಿ ಕಾರ್ನರನ್ನೇ ತೆಗೆದುಕೊಳ್ಳಿ. ಅಂಕಣದ ಹಿಂಗೆರೆಯಿಂದ ಒಬ್ಬರು ಚೆಂಡನ್ನು ತಳ್ಳುತ್ತಾರೆ, ಡಿ ವೃತ್ತದ ತುದಿಯಲ್ಲಿ ಒಬ್ಬರು ನಿಲ್ಲಿಸುತ್ತಾರೆ, ಮತ್ತೊಬ್ಬರು ಅದನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುತ್ತಾರೆ, ಅಂದರೆ ಡ್ರ್ಯಾಗ್ ಫ್ಲಿಕ್ ಮಾಡುತ್ತಾರೆ. ಗೋಲು ಬಂದರೆ ಹೆಸರು ಮೂರನೆಯವರಿಗೆ, ಬಾರದಿದ್ದರೆ ಬೈಗುಳವೂ ಅವರಿಗೇ. ಆದರೆ ತಳ್ಳಿದ ಚೆಂಡು ಅರೆಕ್ಷಣ ತಡವಾದರೆ, ಅಥವಾ ನಿಲ್ಲಿಸಿದ ಚೆಂಡು ಅಂಗೈಯಗಲ ಆಚೀಚೆಯಾದರೆ, ಎದುರಾಳಿಯ ರಶರ್, ಅಂದರೆ ಗೋಲಿನಿಂದ ಓಡಿಬರುವ ರಕ್ಷಕ, ಅಷ್ಟರಲ್ಲಿ ಮೇಲೆ ಬಿದ್ದಿರುತ್ತಾನೆ. ಫ್ಲಿಕ್ ಮಾಡುವವನು ಎಂಥ ಗಟ್ಟಿಗನಾದರೂ ಆಗ ಚೆಂಡು ಆ ರಶರ್‌ನ ಕಾಲಿಗೇ ಬಡಿಯುತ್ತದೆ. ತೊಡಕು ಇರುವುದು ಒಬ್ಬರಲ್ಲಿ, ಕಾಣುವುದು ಇನ್ನೊಬ್ಬರಲ್ಲಿ. ಗೋಲು ಬಾರದ ಮುನ್ಪಡೆ ಆಟಗಾರನ ಕಥೆಯೂ ಇದೇ. ಅವನಿಗೆ ವೃತ್ತದೊಳಗೆ ಚೆಂಡು ಸಿಕ್ಕಿತೇ, ಎಷ್ಟು ಸಲ ಸಿಕ್ಕಿತು ಎಂದು ಕೇಳದೆ, ಗೋಲು ಎಷ್ಟು ಎಂದು ಮಾತ್ರ ಕೇಳಿದರೆ ಮಿಡ್‌ಫೀಲ್ಡಿನ ಕಾಯಿಲೆಗೆ ಮುನ್ಪಡೆಯವನಿಗೆ ಮದ್ದು ಕೊಟ್ಟಂತಾಗುತ್ತದೆ. ಎದುರಾಳಿ ಡಿಫೆಂಡರ್‌ಗಳನ್ನು ಬೆನ್ನಟ್ಟಿ ತಪ್ಪು ಪಾಸ್ ಕೊಡಿಸುವುದೂ ಮುನ್ಪಡೆಯ ಕೆಲಸವೇ. ಅದು ಸ್ಕೋರ್‌ಬೋರ್ಡಿನಲ್ಲಿ ಬರುವುದಿಲ್ಲ.

ದಣಿವಿನ ಮಾತು ಬೇರೆ. ದಣಿದವರ ತಪ್ಪುಗಳು ಕ್ವಾರ್ಟರಿನ ಕೊನೆಗೆ ಸೇರಿಕೊಳ್ಳುತ್ತವೆ: ಟ್ಯಾಕಲ್‌ಗೆ ಒಂದು ಹೆಜ್ಜೆ ತಡ, ಬಾಗಬೇಕಾದಲ್ಲಿ ಬಾಗದ ಬೆನ್ನು. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ನಡೆಯುವ ರಾಷ್ಟ್ರೀಯ ಶಿಬಿರಗಳಲ್ಲಿ ಈಗ ಜಿಪಿಎಸ್ ಸಾಧನವಿರುವ ಒಳಅಂಗಿ ತೊಟ್ಟು ಆಟಗಾರರು ಓಡುತ್ತಾರೆ. ಯಾರು ಎಷ್ಟು ದೂರ ಓಡಿದರು, ಯಾವ ವೇಗದಲ್ಲಿ ಓಡಿದರು ಎಂಬುದು ತರಬೇತುದಾರರ ಕೈಗೆ ಬರುತ್ತದೆ. ದಣಿವಿಗೆ ಮದ್ದು ಸುಲಭ, ನಾಲ್ಕು ನಿಮಿಷ ಕೂರಿಸಿದರಾಯಿತು. ಭಯ ಹಾಗಲ್ಲ. ಹೆದರಿದ ಆಟಗಾರ ಚೆಂಡು ಬೇಡುವುದನ್ನೇ ನಿಲ್ಲಿಸುತ್ತಾನೆ, ಎದುರಾಳಿಯ ಹಿಂದೆ ಅಡಗಿ ನಿಲ್ಲುತ್ತಾನೆ, ಚೆಂಡು ಬಂದರೆ ಹತ್ತಿರದವನಿಗೆ ತಳ್ಳಿ ಕೈತೊಳೆದುಕೊಳ್ಳುತ್ತಾನೆ. ಯಂತ್ರದ ಅಂಕಿಗಳಲ್ಲಿ ಅವನ ಓಟ ಚೆನ್ನಾಗಿಯೇ ಇರುತ್ತದೆ! ಅವನನ್ನು ತಪ್ಪು ಮಾಡಿದ ಮರುಕ್ಷಣವೇ ಹೊರಗೆ ಕರೆದರೆ ಭಯ ಇಮ್ಮಡಿಯಾಗುತ್ತದೆ. ಬೆಂಚಿನತ್ತ ಕಣ್ಣಿಟ್ಟು ಆಡುವುದನ್ನು ಉಳಿದ ಹತ್ತು ಮಂದಿಯೂ ಕಲಿಯುತ್ತಾರೆ. ಒಂದು ಒಳ್ಳೆಯ ಪಾಸ್ ಕೊಡುವವರೆಗೆ ಕಾದು ಆಮೇಲೆ ಕರೆಯುವ ತರಬೇತುದಾರನನ್ನು ಕಂಡಾಗ ನನಗೆ ಗೌರವ ಮೂಡುತ್ತದೆ.

ಈಗ ಟೋಕಿಯೊಗೆ ಬರೋಣ. 2021ರ ಜುಲೈ. ಶೋರ್ಡ್ ಮಾರಿನೆ ತರಬೇತಿಯ, ರಾಣಿ ರಾಂಪಾಲ್ ನಾಯಕತ್ವದ ಭಾರತ ಮಹಿಳಾ ತಂಡ ಮೊದಲ ಮೂರೂ ಪಂದ್ಯ ಸೋತಿತು: ನೆದರ್ಲೆಂಡ್ಸ್ ಎದುರು 1-5, ಜರ್ಮನಿ ಎದುರು 0-2, ಗ್ರೇಟ್ ಬ್ರಿಟನ್ ಎದುರು 1-4. ತಂಡದ ಮುಖ್ಯ ಡ್ರ್ಯಾಗ್ ಫ್ಲಿಕರ್ ಗುರ್ಜಿತ್ ಕೌರ್. ಅವರಿಂದ ಗೋಲು ಬರುತ್ತಿರಲಿಲ್ಲ. ಜರ್ಮನಿ ವಿರುದ್ಧ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ಕೂಡ ಅವರಿಂದ ಕೈತಪ್ಪಿತು. ಆಮೇಲೆ ಐರ್ಲೆಂಡನ್ನು 1-0ಯಿಂದ, ದಕ್ಷಿಣ ಆಫ್ರಿಕಾವನ್ನು 4-3ರಿಂದ ತಂಡ ಸೋಲಿಸಿತು. ದಕ್ಷಿಣ ಆಫ್ರಿಕಾ ಎದುರು ವಂದನಾ ಕಟಾರಿಯಾ ಹ್ಯಾಟ್ರಿಕ್ ಗಳಿಸಿದರು. ಗುಂಪಿನ ಐದು ಪಂದ್ಯ ಮುಗಿದಾಗಲೂ ಗುರ್ಜಿತ್ ಹೆಸರಿನ ಮುಂದೆ ಒಂದು ಗೋಲೂ ಇರಲಿಲ್ಲ.

ಆಗಸ್ಟ್ 2ರಂದು ಕ್ವಾರ್ಟರ್‌ಫೈನಲ್. ಎದುರಿಗೆ ಗುಂಪಿನಲ್ಲಿ ಒಂದೂ ಪಂದ್ಯ ಸೋಲದ ಆಸ್ಟ್ರೇಲಿಯಾ. ಗುರ್ಜಿತ್ ತಂಡದಲ್ಲಿದ್ದರು. 22ನೆಯ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿತು, ಅವರು ಗೋಲು ಹೊಡೆದರು, ಭಾರತ 1-0ಯಿಂದ ಗೆದ್ದಿತು. ಉಳಿದ ಹೊತ್ತೆಲ್ಲ ಗೋಲ್‌ಕೀಪರ್ ಸವಿತಾ ಮತ್ತು ರಕ್ಷಣಾ ಪಡೆ ಆಸ್ಟ್ರೇಲಿಯಾವನ್ನು ತಡೆದರು; ಆ ರಕ್ಷಣಾ ಪಡೆಯಲ್ಲೂ ಗುರ್ಜಿತ್ ಇದ್ದರು ಎಂಬುದನ್ನು ಮರೆಯಬಾರದು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು 1-2ರಿಂದ ಸೋತಾಗ ನಮ್ಮ ಏಕೈಕ ಗೋಲು ಅವರದು. ಕಂಚಿನ ಪಂದ್ಯದಲ್ಲಿ ಬ್ರಿಟನ್ ಎದುರು 3-4ರಿಂದ ಸೋತಾಗ ಮೂರರಲ್ಲಿ ಎರಡು ಅವರವೇ. ಮೊದಲ ಐದು ಪಂದ್ಯಗಳಲ್ಲಿ ಸೊನ್ನೆ, ಕೊನೆಯ ಮೂರರಲ್ಲಿ ನಾಲ್ಕು.

ಇದನ್ನು ಕೇವಲ ತರಬೇತುದಾರನ ನಂಬಿಕೆಯ ಕಥೆಯಾಗಿ ಹೇಳುವುದು ಸುಲಭ. ನನಗೆ ಅದರ ಹಿಂದೆ ಆಟದ ಲೆಕ್ಕಾಚಾರವೂ ಕಾಣುತ್ತದೆ. ಪೆನಾಲ್ಟಿ ಕಾರ್ನರ್ ಘೋಷಣೆಯಾದ ಮೇಲೆ ಅದು ಮುಗಿಯುವವರೆಗೆ ಆಟಗಾರರನ್ನು ಬದಲಿಸುವಂತಿಲ್ಲ ಎಂಬುದು ನಿಯಮ. ರಕ್ಷಿಸುತ್ತಿರುವ ತಂಡದ ಗಾಯಗೊಂಡ ಗೋಲ್‌ಕೀಪರ್‌ನಂಥ ವಿಶೇಷ ಸಂದರ್ಭಕ್ಕಷ್ಟೇ ವಿನಾಯಿತಿ. ಅಂದರೆ ಫ್ಲಿಕರನ್ನು ಬೆಂಚಿನಲ್ಲಿಟ್ಟು, ಕಾರ್ನರ್ ಸಿಕ್ಕಾಗ ಇಳಿಸುತ್ತೇನೆ ಎನ್ನಲಾಗದು. ಅದು ಸಿಗುವ ಗಳಿಗೆಯಲ್ಲಿ ಅವರು ಒಳಗೇ ಇರಬೇಕು. ಅವರನ್ನು ಕೂರಿಸಿದ ಪ್ರತಿ ನಿಮಿಷವೂ ಒಂದು ಅಸ್ತ್ರವನ್ನು ಕೆಳಗಿಟ್ಟು ಆಡಿದ ನಿಮಿಷ. ಮೇಲಾಗಿ ರಕ್ಷಣೆಯಲ್ಲಿ ಅವರ ಕೆಲಸ ಕುಂದಿರಲಿಲ್ಲ. ಒಂದು ಕೌಶಲ ಕೈಕೊಟ್ಟಿತೆಂದು ಆಟಗಾರ್ತಿಯನ್ನೇ ತೆಗೆದಿದ್ದರೆ ಉಳಿದ ಕೌಶಲಗಳೂ ಜೊತೆಗೇ ಹೋಗುತ್ತಿದ್ದವು.

ಅದೇ ಟೋಕಿಯೊದಲ್ಲಿ ಪುರುಷರ ತಂಡದ ಪ್ರಸಂಗ ಇನ್ನೊಂದು ಬಗೆಯದು. ತರಬೇತುದಾರ ಗ್ರಹಾಂ ರೀಡ್. ಜೂನ್‌ನಲ್ಲಿ ಪ್ರಕಟವಾದ 16ರ ಪಟ್ಟಿಯಲ್ಲಿ ಸಿಮ್ರನ್‌ಜೀತ್ ಸಿಂಗ್ ಹೆಸರಿರಲಿಲ್ಲ. ಕೋವಿಡ್ ಕಾರಣದಿಂದ ಆ ಸಲ ಒಲಿಂಪಿಕ್ ನಿಯಮ ಸಡಿಲವಾಗಿ, ಇಬ್ಬರು ಮೀಸಲು ಆಟಗಾರರನ್ನೂ ಸೇರಿಸಿಕೊಂಡು 18 ಮಂದಿಯಲ್ಲಿ ಪ್ರತಿ ಪಂದ್ಯಕ್ಕೂ ಬೇಕಾದ 16 ಮಂದಿಯನ್ನು ಆರಿಸಲು ಅವಕಾಶವಾಯಿತು. ಮೀಸಲು ಆಟಗಾರರಾಗಿದ್ದವರು ಸಿಮ್ರನ್‌ಜೀತ್ ಮತ್ತು ವರುಣ್ ಕುಮಾರ್. ಜುಲೈ 25ರಂದು ಆಸ್ಟ್ರೇಲಿಯಾ ಭಾರತವನ್ನು 7-1ರಿಂದ ನುಚ್ಚುನೂರು ಮಾಡಿತು. ಎರಡು ದಿನ ಬಿಟ್ಟು ಸ್ಪೇನ್ ವಿರುದ್ಧ 3-0 ಗೆಲುವು. ಮೊದಲ ಗೋಲು ಸಿಮ್ರನ್‌ಜೀತ್ ಅವರದು. ಆಗಸ್ಟ್ 5ರ ಕಂಚಿನ ಪಂದ್ಯದಲ್ಲಿ ಜರ್ಮನಿ ಎದುರು 1-3ರಿಂದ ಹಿಂದಿದ್ದ ಭಾರತ 5-4ರಿಂದ ಗೆದ್ದಾಗ ಐದರಲ್ಲಿ ಎರಡು ಗೋಲು ಅವರವು. 1980ರ ಮಾಸ್ಕೊ ನಂತರ ನಮಗೆ ಸಿಕ್ಕ ಮೊದಲ ಒಲಿಂಪಿಕ್ ಹಾಕಿ ಪದಕವದು. 

ಈ ಎರಡು ಪ್ರಸಂಗಗಳಲ್ಲಿ ಒಂದು ಉಳಿಸಿಕೊಂಡಿದ್ದರ ಫಲ, ಇನ್ನೊಂದು ಬದಲಿಸಿದ್ದರ ಫಲ. ಹಾಗಾದರೆ ಯಾವುದು ಸರಿ ಎಂದು ವಿದ್ಯಾರ್ಥಿಗಳು ಕೇಳಬಹುದು. ನಾನು ಗಮನಿಸಿದ್ದು ಇಷ್ಟು: ಹೊರಗಿದ್ದವನು ಒಳಬಂದಾಗ ಸಿದ್ಧನಾಗಿದ್ದ. ಪಟ್ಟಿಯಿಂದ ಬಿಟ್ಟ ಮೇಲೂ ಸಿಮ್ರನ್‌ಜೀತ್ ತಂಡದ ಅಭ್ಯಾಸ, ತಂತ್ರ, ಮಾತುಕತೆಗಳ ಒಳಗೇ ಇರದಿದ್ದರೆ ಜರ್ಮನಿಯಂಥ ತಂಡದೆದುರು ಆ ಗೋಲುಗಳು ಬರುತ್ತಿರಲಿಲ್ಲ. ಬೆಂಚಿನಲ್ಲಿರುವವನ ಆಟವನ್ನು ಜೀವಂತವಾಗಿಡುವುದು ಅವನನ್ನು ಕೂರಿಸಿದವನ ಹೊಣೆ. ಗೋಲ್‌ಕೀಪರ್‌ಗಳ ವಿಷಯದಲ್ಲಂತೂ ಇದು ಇನ್ನೂ ಕಠಿಣ, ಏಕೆಂದರೆ ಅಲ್ಲಿ ಇರುವುದು ಒಂದೇ ಜಾಗ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಮುಂಚಿನ ಟೂರ್ನಿಗಳಲ್ಲಿ ಭಾರತ ಪುರುಷರ ತಂಡದ ತರಬೇತುದಾರ ಕ್ರೇಗ್ ಫುಲ್ಟನ್ ಅವರು ಗೋಲ್‌ಕೀಪರ್‌ಗಳಾದ ಶ್ರೀಜೇಶ್ ಮತ್ತು ಕೃಷನ್ ಬಹಾದ್ದೂರ್ ಪಾಠಕ್ ಇಬ್ಬರನ್ನೂ ಸರದಿಯಲ್ಲಿ ಆಡಿಸಿದರು. ಪ್ಯಾರಿಸ್‌ನಲ್ಲಿ ಶ್ರೀಜೇಶ್ ಆಡಿದರು, ಪಾಠಕ್ ಮೀಸಲಿನಲ್ಲಿದ್ದರು. ಶ್ರೀಜೇಶ್ ನಿವೃತ್ತರಾದಾಗ ಗೋಲುಪೆಟ್ಟಿಗೆಯ ಮುಂದೆ ನಿಲ್ಲಲು ಅನುಭವಿಯೊಬ್ಬರು ಸಿದ್ಧರಿದ್ದರು.

ಇನ್ನು ಕೊನೆಯ, ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು: ಕಾರಣ ಹೇಳುವುದು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಲ್ಬೀರ್ ಸಿಂಗ್ ಸೀನಿಯರ್ ಅರ್ಜೆಂಟೀನಾ ವಿರುದ್ಧ ಆರು ಗೋಲು ಹೊಡೆದರು. ಮುಂದಿನ ಪಂದ್ಯಕ್ಕೆ ಅವರನ್ನು ಇಳಿಸಲಿಲ್ಲ. ಫೈನಲ್‌ಗೆ ಮರಳಿ, ಬ್ರಿಟನ್ ಎದುರಿನ 4-0 ಗೆಲುವಿನಲ್ಲಿ ಎರಡು ಗೋಲು ಗಳಿಸಿದರು. ಆಟ ಚೆನ್ನಾಗಿದ್ದವನನ್ನೂ ಕೂರಿಸುವ ಪದ್ಧತಿ ನಮ್ಮಲ್ಲಿ ಹಳೆಯದು; ಅಂಥವನಿಗೆ ಕಾರಣ ಹೇಳುವುದು ಇನ್ನೂ ಮುಖ್ಯ. ಐವತ್ತು ವರ್ಷಗಳ ನಂತರ, 1998ರ ಡಿಸೆಂಬರ್‌ನಲ್ಲಿ, ಧನರಾಜ್ ಪಿಳ್ಳೈ ನಾಯಕತ್ವದ ತಂಡ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. 1966ರ ನಂತರ ಏಷ್ಯನ್ ಕೂಟದಲ್ಲಿ ಹಾಕಿಗೆ ಸಿಕ್ಕ ಮೊದಲ ಚಿನ್ನ. ದಕ್ಷಿಣ ಕೊರಿಯಾ ಎದುರಿನ ಫೈನಲ್ ಟೈಬ್ರೇಕರಿಗೆ ಹೋದಾಗ ತಂಡವನ್ನು ಕಾಪಾಡಿದವರು ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್. ಆ ಗೆಲುವಿನ ಬೆನ್ನಿಗೇ, ಪಾಕಿಸ್ತಾನ ವಿರುದ್ಧದ ಸರಣಿಗೆ ತಂಡ ಆರಿಸಿದಾಗ ಪಿಳ್ಳೈ, ಬಲ್ಲಾಳ್ ಸೇರಿದಂತೆ ಹಲವು ಹಿರಿಯರನ್ನು ಕೈಬಿಡಲಾಯಿತು. ವಿಶ್ರಾಂತಿ ನೀಡಲಾಗಿದೆ ಎಂಬ ವಿವರಣೆ ಬಂತು. ಚಿನ್ನ ಗೆದ್ದು ಬಂದ ತಂಡಕ್ಕೆ ಆ ವಿವರಣೆ ಸಾಲುತ್ತದೆಯೆ? ಆ ಗಾಯ ಭಾರತದ ಹಾಕಿಯಲ್ಲಿ ವರ್ಷಗಳ ಕಾಲ ಮಾಗಲಿಲ್ಲ.

ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನೂ ಇಲ್ಲಿ ನೆನೆಯಬೇಕು. 2007ರಲ್ಲಿ ಭಾರತ ತಂಡಕ್ಕೆ ಬಂದು, 264 ಪಂದ್ಯ ಆಡಿ, 72 ಗೋಲು ಗಳಿಸಿದ, ತಮ್ಮ ವೇಗದಿಂದ ಎದುರಾಳಿ ರಕ್ಷಣೆಯನ್ನು ಸೀಳುತ್ತಿದ್ದ ಆಟಗಾರ. 2012 ಮತ್ತು 2016ರ ಒಲಿಂಪಿಕ್ಸ್‌ನಲ್ಲಿ ಆಡಿದರು. ಟೋಕಿಯೊ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ, ಆ ತಂಡ ಪದಕ ಗೆದ್ದಿತು, ಅದೇ ವರ್ಷ ಅವರು ನಿವೃತ್ತಿ ಘೋಷಿಸಿದರು. ಆ ಆಯ್ಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಕಿರಿಯರಿಗೆ ಜಾಗ ಮಾಡಲೇಬೇಕು. ಆದರೆ ಇಷ್ಟು ವರ್ಷ ದೇಶಕ್ಕಾಗಿ ಓಡಿದವರಿಗೆ ಪಟ್ಟಿಯ ಸುದ್ದಿ ಮುಟ್ಟುವ ರೀತಿಯೂ ಆಯ್ಕೆಯಷ್ಟೇ ಮುಖ್ಯ ಎನ್ನುತ್ತೇನೆ. ತೀರ್ಮಾನ ಮಾಡಿದವನೇ ಎದುರಿಗೆ ಕೂತು, ಇಂಥ ಕಾರಣಕ್ಕೆ ಈ ಸಲ ನೀನಿಲ್ಲ, ಮರಳಬೇಕಾದರೆ ಇಂಥದ್ದು ಸರಿಯಾಗಬೇಕು, ಅಥವಾ ಇನ್ನು ಮರಳುವ ದಾರಿ ಇಲ್ಲ ಎಂದು ನೇರವಾಗಿ ಹೇಳಬೇಕು. ಕಾರಣ ಕೇಳಿ ಆಟಗಾರ ಸಿಟ್ಟಾಗಬಹುದು, ಅಳಬಹುದು, ವಾದಿಸಬಹುದು. ಅದನ್ನು ಎದುರಿಸುವುದು ತರಬೇತುದಾರನ ಸಂಬಳದ ಕೆಲಸ. ಇನ್ನೊಂದು ಲಾಭವೂ ಇದೆ: ಕಾರಣವನ್ನು ಬಾಯಿಬಿಟ್ಟು ಹೇಳಬೇಕೆಂದಾಗ, ಹೇಳಲು ಯೋಗ್ಯವಲ್ಲದ ಕಾರಣಗಳು ಆಯ್ಕೆಯ ಕೋಣೆಯಲ್ಲೇ ಬಿದ್ದುಹೋಗುತ್ತವೆ. ಯಾರ ಕಡೆಯವನು, ಯಾವ ಇಲಾಖೆಯ ತಂಡದವನು, ಎದುರು ಮಾತನಾಡಿದನೆ ಎಂಬುದನ್ನೆಲ್ಲ ಮುಖ ನೋಡಿ ಹೇಳಲು ಯಾರಿಗೂ ನಾಲಿಗೆ ಏಳುವುದಿಲ್ಲ.

ಮಕ್ಕಳ ವಿಷಯದಲ್ಲಿ ನನ್ನ ನಿಲುವು ಇನ್ನೂ ಖಚಿತ. ಕೊಡಗಿನ ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಕ್ರೀಡಾ ವಸತಿನಿಲಯದಂಥ ಕಡೆ ಬರುವವರು ಮನೆ ಬಿಟ್ಟು ಬಂದ ಎಳೆಯರು. ಆ ವಯಸ್ಸಿನಲ್ಲಿ ಮೈ ಬೆಳೆಯುವ ಭರಕ್ಕೆ ಒಂದೆರಡು ವರ್ಷ ಚೆಂಡಿನ ಹಿಡಿತವೇ ತಪ್ಪುವುದುಂಟು. ಅದನ್ನು ಲಯ ಕಳೆದುಕೊಂಡಿದ್ದಾನೆ ಎಂದು ಲೆಕ್ಕ ಹಾಕಿ ಕೂರಿಸುತ್ತ ಹೋದರೆ ಹದಿನೇಳಕ್ಕೆ ಅರಳಬೇಕಾದವನು ಹದಿನೈದಕ್ಕೇ ಸ್ಟಿಕ್ ಕೆಳಗಿಡುತ್ತಾನೆ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ನೋಡಿ. ಒಂದೇ ಒಕ್ಕದ, ಅಂದರೆ ಮನೆತನದ, ತಂಡದಲ್ಲಿ ಹಿರಿಯರು, ಹೆಂಗಸರು, ಮಕ್ಕಳು ಆಡುತ್ತಾರೆ. ಗೆಲ್ಲಬೇಕೆಂಬ ಹಟ ಅಲ್ಲಿಯೂ ಇದೆ, ಸೋತವರು ನೊಂದುಕೊಳ್ಳುತ್ತಾರೆ. ಆದರೂ ಎಳೆಯರಿಗೆ ಅಂಕಣ ಸಿಗುತ್ತದೆ. ಹದಿನಾರರೊಳಗಿನ ಪಂದ್ಯಾವಳಿಗಳಲ್ಲಿ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಪ್ರತಿ ಪಂದ್ಯದಲ್ಲೂ ಆಡಲೇಬೇಕು ಎಂಬ ನಿಯಮವನ್ನು ಸಂಘಟಕರು ತಂದರೆ ನಾನು ಮೊದಲು ಸ್ವಾಗತಿಸುವವನು.

ಈ ಸಭೆಯಲ್ಲಿ ಕಾಲೇಜು ತಂಡಗಳನ್ನು ನಡೆಸುವ ಹಲವರು ಕೂತಿದ್ದೀರಿ. ಮುಂದಿನ ಅಂತರ ಕಾಲೇಜು ಪಂದ್ಯಾವಳಿಗೆ ತಂಡ ಆರಿಸುವಾಗ ನಿಮ್ಮಲ್ಲಿ ಒಂದು ಮನವಿ. ಪಟ್ಟಿ ಸೂಚನಾ ಫಲಕಕ್ಕೆ ಹೋಗುವ ಮುಂಚಿನ ಸಂಜೆ, ಕೈಬಿಟ್ಟ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಒಬ್ಬೊಬ್ಬರಾಗಿ ಕರೆದು ಕಾರಣ ಹೇಳಿ. ಹತ್ತು ನಿಮಿಷದ ಮಾತು ಸಾಕು. ಕೈಬಿಟ್ಟವರನ್ನು ಅಭ್ಯಾಸಕ್ಕೆ ಬರುವಂತೆ ಹೇಳಿ, ಬಂದಾಗ ಉಳಿದವರಿಗೆ ಕಲಿಸಿದ್ದನ್ನೆಲ್ಲ ಅವರಿಗೂ ಕಲಿಸಿ. ಇದನ್ನು ಈ ವರ್ಷದಿಂದಲೇ ಆರಂಭಿಸಬೇಕೆಂದು ಕೋರುತ್ತೇನೆ.